ಝಡ್4ಗೆ ಹೊಸ ಶಾಕ್ಸ್: ನಮ್ಮ ಮಲೆನಾಡಿನ ರಸ್ತೆಗೆ ಯಾವುದು ಸರಿ, ಹೇಗೆ ಹಾಕಿಸಬೇಕು?

ತೀರ್ಥಹಳ್ಳಿ_ಝಡ್4

ಎಲ್ಲರಿಗೂ ನಮಸ್ಕಾರ. ನನ್ನದು ಸೆಕೆಂಡ್ ಹ್ಯಾಂಡ್ ತಗೊಂಡ ಬಿಎಂಡಬ್ಲ್ಯೂ ಝಡ್4. ಇ89 ಮಾಡೆಲ್, ಅಂದರೆ 2009ರಿಂದ 2016ರವರೆಗೆ ಬಂದದ್ದು, ಸ್ವಿಚ್ ಒತ್ತಿದರೆ ಮೇಲಿನ ಗಟ್ಟಿ ಟಾಪ್ ಮಡಚಿಕೊಂಡು ಡಿಕ್ಕಿಯೊಳಗೆ ಹೋಗುತ್ತಲ್ಲ, ಅದು. ಎಂಜಿನ್, ಗೇರ್‌ಬಾಕ್ಸ್ ಎಲ್ಲ ಚೆನ್ನಾಗಿದೆ. ತೊಂದರೆ ಇರುವುದು ಸಸ್ಪೆನ್ಷನ್‌ನಲ್ಲಿ. ಗಾಜನೂರು ದಾಟಿ ಮಂಡಗದ್ದೆ ಕಡೆ ಬರುವಾಗ ರಸ್ತೆ ಸ್ವಲ್ಪ ತಗ್ಗಿ ಎದ್ದರೂ ಗಾಡಿಯ ಹಿಂಭಾಗ ಒಂದೇ ಸಲಕ್ಕೆ ಕೂರುವುದಿಲ್ಲ, ಮತ್ತೆ ಮತ್ತೆ ಕುಣಿಯುತ್ತದೆ. ಬ್ರೇಕ್ ಹಿಡಿದರೆ ಮೂತಿ ಜಾಸ್ತಿ ಕೆಳಗೆ ಹೋಗುತ್ತದೆ. ಮೊನ್ನೆ ವಾಟರ್ ಸರ್ವಿಸ್ ಮಾಡಿಸುವಾಗ ಬಗ್ಗಿ ನೋಡಿದೆ. ಮುಂದಿನ ಬಲಗಡೆ ಶಾಕ್ ಅಬ್ಸಾರ್ಬರ್ ಮೈಯೆಲ್ಲ ಎಣ್ಣೆ. ರಬ್ಬರ್ ಡಸ್ಟ್ ಕವರ್ ಹರಿದು ಕೆಳಗೆ ಜಾರಿ ಕೂತಿದೆ, ಅದರ ಮಡಿಕೆಯೊಳಗೆ ಕೆಮ್ಮಣ್ಣು ತುಂಬಿ ಗಟ್ಟಿಯಾಗಿದೆ. ಫಳಫಳ ಇರಬೇಕಾದ ರಾಡ್ ಮೇಲೆ ಉದ್ದಕ್ಕೆ ಗೀರು ಬಿದ್ದಿದೆ.

ಕಂಪನಿ ಶಾಕ್ಸ್‌ಗೆ ಹೇಳಿದ ಬೆಲೆ ನನಗೆ ಜಾಸ್ತಿ ಅನಿಸಿತು. ಹೊರಗಿನ ಬ್ರ್ಯಾಂಡ್ ಹಾಕಿಸೋಣ ಅಂತಿದ್ದೇನೆ. ಬಿಲ್‌ಸ್ಟೀನ್ ಬಿ4, ಬಿ6, ಬಿ8 ಅಂತೆಲ್ಲ ಇವೆ, ಸ್ಯಾಕ್ಸ್ ಇದೆ, ಕೋನಿ ಇದೆ. ನನ್ನ ಗಾಡಿಯಲ್ಲಿ ಎಲೆಕ್ಟ್ರಾನಿಕ್ ಶಾಕ್ಸ್ ಇಲ್ಲ, ಮಾಮೂಲಿ. ಶಿವಮೊಗ್ಗದಲ್ಲೇ ಹಾಕಿಸಬಹುದಾ, ಇಲ್ಲ ಬೆಂಗಳೂರಿಗೆ ಹೋಗಲೇಬೇಕಾ? ಮಳೆಗಾಲಕ್ಕೆ ಮುಂಚೆ ಮುಗಿಸಬೇಕು ಅಂತ ಆಸೆ.

ಹುಲಿಕಲ್_ತಿರುವು

ಬಿ8 ಹಾಕಿ, ಜೊತೆಗೆ ಲೋವರಿಂಗ್ ಸ್ಪ್ರಿಂಗ್. ಝಡ್4 ಸ್ವಲ್ಪ ಕೆಳಗೆ ಕೂತರೆ ನೋಡೋಕೆ ಎಷ್ಟು ಚೆಂದ ಗೊತ್ತಾ? ಘಾಟಿ ತಿರುವಿನಲ್ಲಿ ಗಾಡಿ ವಾಲುವುದೂ ಕಡಿಮೆ ಆಗುತ್ತದೆ.

ಕೊಪ್ಪ_ಕಾಫಿತೋಟ

ದಯವಿಟ್ಟು ಬೇಡ ಮಾರಾಯ್ರೆ. ಬಿ8 ಅಂದರೆ ತಗ್ಗಿಸಿದ ಸ್ಪ್ರಿಂಗ್‌ಗೆ ಅಂತಲೇ ಗಿಡ್ಡ ಮಾಡಿದ ಶಾಕ್. ಸ್ಪ್ರಿಂಗ್ ಕಂಪನಿಯದ್ದೇ ಇದ್ದರೆ ಬಿ6. ಇದನ್ನು ಮೊದಲು ಮನಸ್ಸಿಗೆ ಹಾಕಿಕೊಳ್ಳಿ, ಆರ್ಡರ್ ಮಾಡುವಾಗ ಬಹಳ ಜನ ಕಲಸಿಕೊಳ್ಳುವುದು ಇಲ್ಲೇ.

ಇನ್ನು ಗಾಡಿ ತಗ್ಗಿಸುವ ವಿಚಾರ. ನಮ್ಮ ಕಡೆ ಹಂಪ್‌ಗಳು ಹೇಗಿವೆ ಅಂತ ನಿಮಗೆ ಗೊತ್ತಲ್ಲ. ಊರು ಬಂತು ಅಂದರೆ ಒಂದು, ಶಾಲೆ ಬಂತು ಅಂದರೆ ಇನ್ನೊಂದು, ಬಣ್ಣವೂ ಇಲ್ಲ ಬೋರ್ಡೂ ಇಲ್ಲ. ಸಕ್ರೆಬೈಲು ಕಡೆ ಕಾಡಿನ ರಸ್ತೆಯಲ್ಲಿ ಪ್ರಾಣಿಗಳಿಗೋಸ್ಕರ ಹಾಕಿದ್ದಾರೆ, ಅದು ಇರಲೇಬೇಕು, ಆದರೆ ಈ ಗಾಡಿಗೆ ಅದೇ ದೊಡ್ಡದು. ಕೆಳಗೆ ಕೂತ ಗಾಡಿಗೆ ಸ್ಪ್ರಿಂಗ್ ಅದುಮಿಕೊಳ್ಳಲು ಜಾಗ ಕಡಿಮೆ. ದೊಡ್ಡ ಗುಂಡಿಗೆ ಬಿದ್ದಾಗ ಹೋಗಿ ಬಂಪ್ ಸ್ಟಾಪ್‌ಗೆ, ಅಂದರೆ ಕೊನೆಯಲ್ಲಿ ತಡೆಯುವ ಮೆತ್ತನೆ ತುಂಡಿಗೆ, ಹೊಡೆಯುತ್ತದೆ. ತಿರುವಿನ ಮಧ್ಯೆ ಹಾಗೆ ಹೊಡೆದರೆ ಟೈರ್ ನೆಲ ಬಿಡುತ್ತದೆ. ಆಗುಂಬೆಯ 14 ತಿರುವಿನಲ್ಲಿ, ಅದೂ ಒದ್ದೆ ರಸ್ತೆಯಲ್ಲಿ, ಅದು ಬೇಕಾ?

ನನ್ನ ಹತ್ತಿರ ಹಳೆಯ ಪೋರ್ಷೆ ಬಾಕ್ಸ್‌ಟರ್ ಇದೆ, 987 ಮಾಡೆಲ್. ಅದಕ್ಕೆ ಬಿ6 ಹಾಕಿಸಿದ್ದೇನೆ, ಎತ್ತರ ಕಂಪನಿ ಕೊಟ್ಟಷ್ಟೇ. ಗಾಡಿ ಬಿಗಿಯಾಗಿದೆ, ಆದರೆ ಸೊಂಟ ಮುರಿಯುವುದಿಲ್ಲ. ಸಣ್ಣ ಗುಂಡಿ ಗೊತ್ತಾಗುತ್ತದೆ, ದೊಡ್ಡ ಗುಂಡಿಯಿಂದ ಎದ್ದ ಮೇಲೆ ಗಾಡಿ ಕುಣಿಯುವುದಿಲ್ಲ.

ಆಟೋಕಾಂಪ್ಲೆಕ್ಸ್_ಮೇಸ್ತ್ರಿ

ಬ್ರ್ಯಾಂಡ್ ಆಮೇಲೆ ಮಾತಾಡೋಣ. ಮೊದಲು ಹಾಳಾಗಿರುವುದು ಶಾಕೇನಾ ಅಂತ ಖಾತ್ರಿ ಮಾಡಿಕೊಳ್ಳಿ ಸಾರ್. ಶಾಕ್ ಮೈಮೇಲೆ ತೆಳ್ಳಗೆ ಎಣ್ಣೆಯ ಪಸೆ ಇದ್ದರೆ ಅದು ದೊಡ್ಡ ವಿಷಯ ಅಲ್ಲ, ರಾಡ್ ಓಡಾಡುವಾಗ ಸೀಲ್ ಒದ್ದೆ ಇರಲೇಬೇಕು. ಒರೆಸಿ ಬಿಟ್ಟು ಸ್ವಲ್ಪ ದಿನ ಬಿಟ್ಟು ನೋಡಿ. ಮತ್ತೆ ಇಳಿದು ಬರುತ್ತಿದ್ದರೆ ಹೋಯಿತು ಅಂತ. ನೀವು ಹೇಳಿದ ಹಾಗೆ ರಾಡ್ ಮೇಲೆ ಗೀರು ಬಿದ್ದಿದ್ದರೆ ಯೋಚನೆಯೇ ಬೇಡ, ಆ ಗೀರು ಪ್ರತಿ ಸಲ ಸೀಲನ್ನು ಕುಯ್ಯುತ್ತದೆ. ಡಸ್ಟ್ ಕವರ್ ಹರಿದ ದಿನವೇ ಬದಲಿಸಿದ್ದರೆ ಶಾಕ್ ಇನ್ನೂ ಬಾಳುತ್ತಿತ್ತು. ನಮ್ಮ ಮಣ್ಣು ಒಣಗಿದರೆ ಉಪ್ಪು ಕಾಗದ ಇದ್ದ ಹಾಗೆ.

ಬಾನೆಟ್ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಅಂತ ನೋಡುವುದು ಎಲ್ಲರಿಗೂ ಗೊತ್ತು. ತೀರಾ ಸತ್ತ ಶಾಕ್ ಆದರೆ ಅದರಲ್ಲಿ ಸಿಕ್ಕಿಬೀಳುತ್ತದೆ. ಅರ್ಧ ಸತ್ತದ್ದು ಸಿಗುವುದಿಲ್ಲ, ಯಾಕೆಂದರೆ ಕೈಯಲ್ಲಿ ಒತ್ತುವ ವೇಗವೇ ಬೇರೆ, ಗುಂಡಿಗೆ ಚಕ್ರ ಬೀಳುವ ವೇಗವೇ ಬೇರೆ. ಟೈರ್ ಮೇಲೆ ಅಂಗೈ ಸುತ್ತ ಸವರಿ ನೋಡಿ. ಅಲ್ಲಲ್ಲಿ ತಗ್ಗು ಉಬ್ಬು ಸಿಕ್ಕಿದರೆ ಚಕ್ರ ನೆಲದ ಮೇಲೆ ನಿಲ್ಲದೆ ಹಾರುತ್ತಿದೆ ಅಂತ ಅರ್ಥ. ಹಾಗೇ ಸಸ್ಪೆನ್ಷನ್‌ನ ಕೀಲುಗಳಾದ ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್ ಅಲುಗಾಡಿಸಿ ನೋಡಬೇಕು. ಕಟಕಟ ಸದ್ದಿಗೆ ಶಾಕ್ ಬದಲಿಸಿ, ಆಮೇಲೆ ಅದು ಲಿಂಕ್ ರಾಡ್ ಅಂತ ಗೊತ್ತಾದವರನ್ನು ನಾನು ಬಹಳ ನೋಡಿದ್ದೇನೆ.

ಸಾಗರ_ಸೀಮೆ

ಬಿ4, ಬಿ6 ನಡುವೆ ಏನು ವ್ಯತ್ಯಾಸ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಆಗ ಆಯ್ಕೆ ಸುಲಭ. ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಭಾರ ಹೊರುವುದಿಲ್ಲ, ಸ್ಪ್ರಿಂಗ್‌ನ ಕುಣಿತ ತಡೆಯುತ್ತದೆ. ಒಳಗೆ ಪಿಸ್ಟನ್ ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ತಳ್ಳುತ್ತದೆ, ಕುಣಿತದ ಶಕ್ತಿ ಬಿಸಿಯಾಗಿ ಹೋಗುತ್ತದೆ. ಗುಂಡಿಬಿದ್ದ ರಸ್ತೆಯಲ್ಲಿ ಓಡಿಸಿ ನಿಲ್ಲಿಸಿ ಶಾಕ್ ಮುಟ್ಟಿ ನೋಡಿ, ಬಿಸಿ ಇರುತ್ತದೆ.

ಟ್ವಿನ್ ಟ್ಯೂಬ್‌ನಲ್ಲಿ ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ. ಎಣ್ಣೆ, ಗ್ಯಾಸ್ ಹೊರಗಿನ ಕೊಳವೆಯಲ್ಲಿ ಒಟ್ಟಿಗೇ ಇರುತ್ತವೆ, ಮಧ್ಯೆ ತಡೆ ಇಲ್ಲ, ಒತ್ತಡವೂ ಕಡಿಮೆ. ಬಿ4 ಈ ಗಾಡಿಗಳಿಗೆ ಸಾಮಾನ್ಯವಾಗಿ ಬರುವುದು ಹೀಗೆ, ಕಂಪನಿ ಶಾಕ್‌ನ ಜಾಗಕ್ಕೆ ಅಷ್ಟೇ ಮೆತ್ತಗಿನದು. ಮೋನೋ ಟ್ಯೂಬ್‌ನಲ್ಲಿ ಒಂದೇ ಕೊಳವೆ. ಎಣ್ಣೆಗೂ ಗ್ಯಾಸ್‌ಗೂ ಮಧ್ಯೆ ತೇಲುವ ಪಿಸ್ಟನ್ ಒಂದಿದೆ, ಗ್ಯಾಸ್ ಒತ್ತಡ 20 ಬಾರ್‌ಗೂ ಮೇಲೆ. ಟೈರ್‌ಗೆ ನಾವು ಹಾಕುವುದು ಎರಡು, ಎರಡೂವರೆ ಬಾರ್ ಅಷ್ಟೇ ಅಲ್ವಾ. ಅಷ್ಟು ಒತ್ತಡದಲ್ಲಿ ಎಣ್ಣೆ ನೊರೆ ಕಟ್ಟುವುದಿಲ್ಲ, ಒಂದೇ ಗೋಡೆ ಇರುವುದರಿಂದ ಬೇಗ ತಣ್ಣಗಾಗುತ್ತದೆ. ಫ್ರಾನ್ಸಿನ ಎಂಜಿನಿಯರ್ ಡಿ ಕಾರ್ಬನ್ ಅವರ ವಿನ್ಯಾಸ ಅದು. ಬಿಲ್‌ಸ್ಟೀನ್‌ನವರು ಅದನ್ನು ತಗೊಂಡು 1957ರಲ್ಲಿ ಮರ್ಸಿಡಿಸ್ ಕಾರುಗಳಿಗೆ ದೊಡ್ಡ ಪ್ರಮಾಣದಲ್ಲಿ ಮಾಡಿಕೊಟ್ಟರು. ಬಿ6, ಬಿ8 ಎರಡೂ ಮೋನೋ ಟ್ಯೂಬ್.

ಆಯನೂರು ಕಡೆಯಿಂದ ಸಾಗರಕ್ಕೆ ಬರುವಾಗ ಡಾಂಬರು ಕಿತ್ತು ಸಾಲು ಸಾಲು ಏರಿಳಿತ ಇರುವ ಜಾಗದಲ್ಲಿ ಈ ವ್ಯತ್ಯಾಸ ಕಾಣುತ್ತದೆ. ಹಳೆಯ ಟ್ವಿನ್ ಟ್ಯೂಬ್ ಮೊದಲು ಸರಿ ಇದ್ದು, ಸ್ವಲ್ಪ ದೂರ ಹೋದ ಮೇಲೆ ಎಣ್ಣೆ ನೊರೆಯಾಗಿ ಮೆತ್ತಗಾಗುತ್ತದೆ. ಮೋನೋ ಟ್ಯೂಬ್ ಹಾಗೆ ಸೋಲುವುದಿಲ್ಲ. ಆದರೆ ಒಂದು ಮಾತು, ಮೋನೋ ಟ್ಯೂಬ್‌ನ ಹೊರ ಕೊಳವೆಗೆ ಕಲ್ಲು ಹೊಡೆದು ತಗ್ಗು ಬಿದ್ದರೆ ಕಥೆ ಮುಗಿಯಿತು, ಪಿಸ್ಟನ್ ಓಡಾಡುವುದೇ ಆ ಗೋಡೆಗೆ ತಾಗಿಕೊಂಡು. ತೋಟದ ಮಣ್ಣು ರಸ್ತೆಯಲ್ಲಿ ದಿನಾ ಓಡಾಡುವವರು ಇದನ್ನು ಯೋಚನೆ ಮಾಡಬೇಕು.

ತೀರ್ಥಹಳ್ಳಿ_ಝಡ್4

ಬಹಳ ಉಪಯೋಗ ಆಯ್ತು. ಈಗ ಮನಸ್ಸು ಬಿ6 ಕಡೆ ವಾಲಿದೆ. ಆದರೆ ನನ್ನ ಗಾಡಿಯಲ್ಲಿ ರನ್‌ಫ್ಲಾಟ್ ಟೈರ್ ಇದೆ. ಅದು ಮೊದಲೇ ಗಟ್ಟಿ. ಅದರ ಮೇಲೆ ಬಿ6 ಅಂದರೆ ಮನೆಯವರು ಕೂರುವುದೇ ಇಲ್ಲ ಅಂತ ಭಯ.

ಕೊಪ್ಪ_ಕಾಫಿತೋಟ

ಭಯ ಸರಿಯಾಗಿಯೇ ಇದೆ. ರನ್‌ಫ್ಲಾಟ್‌ನ ಪಕ್ಕದ ಗೋಡೆ ದಪ್ಪ, ಗಾಳಿ ಇಲ್ಲದೆಯೂ ಗಾಡಿ ಹೊರಬೇಕಲ್ಲ. ಸಣ್ಣ ಕಲ್ಲು, ಡಾಂಬರಿನ ಅಂಚು, ಸೇತುವೆಯ ಜಾಯಿಂಟ್ ಎಲ್ಲ ನೇರ ಮೈಗೆ ಬರುತ್ತದೆ. ಮಾಮೂಲಿ ಟೈರ್‌ಗೆ ಬದಲಿಸಿದರೆ ಅರ್ಧ ಗಟ್ಟಿತನ ಅಲ್ಲೇ ಹೋಗುತ್ತದೆ ಅಂತ ನನ್ನ ಅಭಿಪ್ರಾಯ.

ಆದರೆ ಈ ಗಾಡಿಯಲ್ಲಿ ಸ್ಟೆಪ್ನಿ ಇಲ್ಲ. ಪಂಕ್ಚರ್ ಕಿಟ್, ಗಾಳಿ ಹಾಕುವ ಸಣ್ಣ ಕಂಪ್ರೆಸರ್ ಡಿಕ್ಕಿಯಲ್ಲಿ ಇರಲೇಬೇಕು. ಕಿಟ್ ಇದ್ದರೂ ಗುಂಡಿಗೆ ಬಿದ್ದು ಪಕ್ಕದ ಗೋಡೆ ಹರಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಆಗುಂಬೆ, ಹುಲಿಕಲ್ ಕಡೆ ರಾತ್ರಿ ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಮಳೆಯಲ್ಲಿ ನಿಲ್ಲುವುದನ್ನು ಯೋಚಿಸಿ ನಿರ್ಧಾರ ಮಾಡಿ. ನೀವು ರಾತ್ರಿ ಘಾಟಿ ಇಳಿಯುವವರಾದರೆ ರನ್‌ಫ್ಲಾಟೇ ಇರಲಿ, ಶಾಕ್ಸ್ ಮೆತ್ತಗಿನದು ಹಾಕಿ. ಎರಡನ್ನೂ ಗಟ್ಟಿ ಮಾಡಬೇಡಿ.

ಶರಾವತಿ_ಹಿನ್ನೀರು

ಒಂದು ಪ್ರಶ್ನೆ. ಶಾಕ್ ಬದಲಿಸಿದರೆ ಆರ್‌ಟಿಒ ತಕರಾರು ಬರುತ್ತದಾ? ಮಾಡಿಫಿಕೇಶನ್ ಅಂತ ದಂಡ ಹಾಕುತ್ತಾರೆ ಅಂತ ಎಲ್ಲರೂ ಹೆದರಿಸುತ್ತಾರೆ.

ಸಾಗರ_ಸೀಮೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು, ತಯಾರಕರು ಕೊಟ್ಟ ಮೂಲ ವಿವರ ಮತ್ತು ಆರ್‌ಸಿಯಲ್ಲಿ ಇರುವ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವ ಹಾಗಿಲ್ಲ ಅಂತ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಸವೆದ ಭಾಗ ತೆಗೆದು ಅದೇ ಎತ್ತರ, ಅದೇ ಜಾಗಕ್ಕೆ ಸರಿಹೊಂದುವ ಭಾಗ ಹಾಕುವುದು ರಿಪೇರಿ. ಸ್ಪ್ರಿಂಗ್ ಕತ್ತರಿಸುವುದು, ಗಾಡಿ ತಗ್ಗಿಸುವುದು ಬೇರೆ ಮಾತು. ಬಿಲ್ ಇಟ್ಟುಕೊಳ್ಳಿ, ಅದರಲ್ಲಿ ಪಾರ್ಟ್ ನಂಬರ್ ಇರಲಿ, ಇನ್ಶೂರೆನ್ಸ್‌ನವರಿಗೂ ಒಂದು ಮಾತು ಬರವಣಿಗೆಯಲ್ಲಿ ತಿಳಿಸಿ.

ಆಟೋಕಾಂಪ್ಲೆಕ್ಸ್_ಮೇಸ್ತ್ರಿ

ಈಗ ಹಾಕುವ ಕೆಲಸದ ಬಗ್ಗೆ. ಇದು ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ ಸಾರ್. ದುಬಾರಿ ಶಾಕ್ ತಂದು ಹಾಕುವಾಗಲೇ ಹಾಳು ಮಾಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಶಾಕ್ ಒಂದೇ ತರಿಸಬೇಡಿ. ಮುಂದೆ ಟಾಪ್ ಮೌಂಟ್ (ಶಾಕ್‌ನ ಮೇಲ್ತುದಿ ಬಾಡಿಗೆ ಕೂರುವ ಭಾಗ), ಅದರ ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಕವರ್, ಸ್ಪ್ರಿಂಗ್ ಕೂರುವ ರಬ್ಬರ್. ಹಿಂದೆ ಮೇಲಿನ ಮೌಂಟ್, ಬಂಪ್ ಸ್ಟಾಪ್, ಡಸ್ಟ್ ಕವರ್. ಲಾಕ್ ನಟ್ ಎಲ್ಲ ಹೊಸದು, ಹಳೆಯದು ಮತ್ತೆ ಹಾಕಬಾರದು. ಇವೆಲ್ಲ ಸೇರಿದರೂ ಶಾಕ್ ಬೆಲೆಯ ಮುಂದೆ ಕಡಿಮೆಯೇ, ಆದರೆ ಮರೆತರೆ ಇನ್ನೊಮ್ಮೆ ಎಲ್ಲ ಬಿಚ್ಚಬೇಕು, ಕೂಲಿ ಎರಡು ಸಲ. ಬದಲಿಸುವುದಾದರೆ ಮುಂದಿನ ಎರಡೂ ಒಟ್ಟಿಗೆ, ಹಿಂದಿನ ಎರಡೂ ಒಟ್ಟಿಗೆ. ಒಂದು ಹೊಸದು ಒಂದು ಹಳೆಯದು ಇದ್ದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಮುಂದಿನದು ಸ್ಟ್ರಟ್, ಸ್ಪ್ರಿಂಗ್ ಅದರ ಮೇಲೆಯೇ ಕೂತಿದೆ. ಸ್ಪ್ರಿಂಗ್ ಅದುಮಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಒಳ್ಳೆಯದು ಇಲ್ಲದ ಗ್ಯಾರೇಜ್‌ನಲ್ಲಿ ಈ ಕೆಲಸ ಮಾಡಿಸಲೇಬೇಡಿ. ಅದುಮಿದ ಸ್ಪ್ರಿಂಗ್ ಜಾರಿದರೆ ಕೈ ಹೋಗುತ್ತದೆ, ತಲೆಗೆ ಬಡಿದರೆ ಜೀವ ಹೋಗುತ್ತದೆ. ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ, ಹಾಗಾಗಿ ಅದು ಸುಲಭ. ಬಿಚ್ಚುವ ಮುಂಚೆ ಬ್ರೇಕ್ ಹೋಸ್, ಎಬಿಎಸ್ ವೈರ್ ಕ್ಲಿಪ್‌ನಿಂದ ಬಿಡಿಸಿ. ಹಬ್ (ಚಕ್ರ ಕೂರುವ ಭಾಗ) ಕೆಳಗೆ ಜಾಕಿ ಕೊಟ್ಟಿರಬೇಕು, ಇಲ್ಲದಿದ್ದರೆ ಎಲ್ಲ ಭಾರ ಆ ಹೋಸ್ ಮೇಲೆ ಜೋತು ಬೀಳುತ್ತದೆ. ಹೆಡ್‌ಲೈಟ್ ಲೆವೆಲ್ ಸೆನ್ಸರ್‌ನ ಸಣ್ಣ ಕಡ್ಡಿ ಒಂದಿರುತ್ತದೆ, ಅದನ್ನೂ ನೋಡಿಕೊಳ್ಳಿ, ಮುರಿದರೆ ಲೈಟ್ ನೆಲ ನೋಡುತ್ತದೆ ಇಲ್ಲ ಆಕಾಶ ನೋಡುತ್ತದೆ.

ರಾಡ್ ಮೇಲಿನ ನಟ್‌ಗೆ ಗಾಳಿ ಗನ್ ಹಾಕಲೇಬಾರದು. ಗನ್ ಹೊಡೆದರೆ ನಟ್ ಜೊತೆ ರಾಡೂ ಗಿರ್ರನೆ ತಿರುಗುತ್ತದೆ. ಒಳಗೆ ಪಿಸ್ಟನ್ ಸಡಿಲ ಆಗಬಹುದು, ಸೀಲ್ ಬಿಸಿಯಾಗಿ ಕೆಡುತ್ತದೆ. ಹೊಸ ಶಾಕ್ ಅವತ್ತೇ ಅರ್ಧ ಸತ್ತಂತೆ. ರಾಡ್ ತುದಿಯಲ್ಲಿ ಅಲೆನ್ ಕೀ ಕೂರುವ ತೂತು ಇರುತ್ತದೆ. ಅಲೆನ್ ಕೀ ಹಿಡಿದು ರಾಡ್ ನಿಲ್ಲಿಸಿ, ರಿಂಗ್ ಸ್ಪ್ಯಾನರ್‌ನಲ್ಲಿ ನಟ್ ತಿರುಗಿಸಬೇಕು. ರಾಡನ್ನು ಪ್ಲೈಯರ್‌ನಲ್ಲಿ ಕಚ್ಚಿ ಹಿಡಿಯುವವರನ್ನು ಕಂಡರೆ ಗಾಡಿ ವಾಪಸ್ ತಗೊಂಡು ಬನ್ನಿ.

ಹುಲಿಕಲ್_ತಿರುವು

ಒಳ್ಳೆ ಮಾಹಿತಿ ಮೇಸ್ತ್ರಿಗಳೇ. ಲೋವರಿಂಗ್ ಮಾತು ನಾನು ಹಿಂದಕ್ಕೆ ತಗೊಳ್ಳುತ್ತೇನೆ, ಎತ್ತರ ಇದ್ದದ್ದೇ ಇರಲಿ. ಬುಷ್ ಬೋಲ್ಟ್ ಬಿಗಿ ಮಾಡುವುದರಲ್ಲಿ ಏನೋ ಕ್ರಮ ಇದೆ ಅಂತ ಹೇಳುತ್ತಾರೆ, ಅದು ನಿಜವಾ? ಜಾಕಿ ಮೇಲೆ ಇರುವಾಗಲೇ ಬಿಗಿ ಮಾಡಿದರೆ ಏನಾಗುತ್ತದೆ?

ಆಟೋಕಾಂಪ್ಲೆಕ್ಸ್_ಮೇಸ್ತ್ರಿ

ನಿಜ, ನಾನು ಬರೆಯಬೇಕು ಅಂತಿದ್ದದ್ದೇ ಅದು. ಗಾಡಿ ಲಿಫ್ಟ್ ಮೇಲೆ ಇದ್ದಾಗ ಚಕ್ರ ಕೆಳಗೆ ಜೋತಾಡುತ್ತಿರುತ್ತದೆ. ಹಿಂದಿನ ಶಾಕ್‌ನ ಕೆಳಗಿನ ಕಣ್ಣಿನಲ್ಲಿ ರಬ್ಬರ್ ಬುಷ್ ಇದೆ. ಅದರ ಒಳಗಿನ ಕಬ್ಬಿಣದ ಕೊಳವೆ ಬೋಲ್ಟ್ ಬಿಗಿ ಮಾಡಿದ ತಕ್ಷಣ ಕಚ್ಚಿಕೊಳ್ಳುತ್ತದೆ, ಆಮೇಲೆ ತಿರುಗುವುದಿಲ್ಲ, ರಬ್ಬರೇ ತಿರುಚಿಕೊಳ್ಳಬೇಕು. ಜೋತಾಡುವಾಗ ಬಿಗಿ ಮಾಡಿ ಗಾಡಿ ಇಳಿಸಿದರೆ, ನಿಂತ ಜಾಗದಲ್ಲೇ ರಬ್ಬರ್ ತಿರುಚಿಕೊಂಡಿರುತ್ತದೆ. ಗುಂಡಿಗೆ ಬಿದ್ದಾಗ ಇನ್ನೂ ತಿರುಚುತ್ತದೆ. ಬೇಗ ಬಿರಿಯುತ್ತದೆ, ಗಾಡಿಯೂ ಸುಮ್ನೆ ಗಟ್ಟಿ ಅನಿಸುತ್ತದೆ. ಶಾಕ್ ಸರಿ ಇಲ್ಲ ಅಂತ ಜನ ಬ್ರ್ಯಾಂಡ್ ಬೈಯುತ್ತಾರೆ.

ಸರಿಯಾದ ದಾರಿ ಹೀಗೆ. ಗಾಡಿ ಎತ್ತುವ ಮುಂಚೆ, ಸಮ ನೆಲದಲ್ಲಿ, ಚಕ್ರದ ನಡುವಿನಿಂದ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ನಾಲ್ಕೂ ಕಡೆ ಅಳತೆ ಬರೆದಿಟ್ಟುಕೊಳ್ಳಿ. ಎಲ್ಲ ಜೋಡಿಸಿ ಬೋಲ್ಟ್ ಕೈಯಲ್ಲಿ ಮಾತ್ರ ಕಚ್ಚಿಸಿ. ಆಮೇಲೆ ಹಬ್ ಕೆಳಗೆ ಜಾಕಿ ಕೊಟ್ಟು ಅದೇ ಅಳತೆ ಬರುವವರೆಗೆ ಎತ್ತಿ, ಆಗ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ. ಇನ್ನೂ ಒಳ್ಳೆಯದು ಅಂದರೆ ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿರುವಾಗ ಗ್ಯಾರೇಜ್‌ನ ಕೆಲಸದ ಗುಂಡಿಯಲ್ಲಿ ಇಳಿದು ಬಿಗಿ ಮಾಡುವುದು. ಸಾಗರ ರಸ್ತೆ ಆಟೋ ಕಾಂಪ್ಲೆಕ್ಸ್‌ನಲ್ಲಿ ಲಾರಿ ಕೆಲಸದವರ ಹತ್ತಿರ ಗುಂಡಿ ಇದೆ, ಆದರೆ ಈ ಗಾಡಿ ತಗ್ಗು, ಅಂಚಿಗೆ ತಾಗದ ಹಾಗೆ ಹಲಗೆ ಇಟ್ಟು ಹತ್ತಿಸಬೇಕು.

ಎಷ್ಟು ಬಿಗಿ ಅನ್ನುವುದನ್ನು ಆ ಗಾಡಿಯ ಪುಸ್ತಕ ನೋಡಿಯೇ ಮಾಡಬೇಕು. ಬಿಲ್‌ಸ್ಟೀನ್ ಡಬ್ಬದಲ್ಲೂ ಕಾಗದ ಬರುತ್ತದೆ, ರಾಡ್ ನಟ್‌ಗೆ ಅದರಲ್ಲಿ ಬರೆದ ಅಳತೆಯೇ ಅಂತಿಮ. ಅಂದಾಜಿನ ಮೇಲೆ ಪೈಪ್ ಹಾಕಿ ಎಳೆಯುವುದು ಬೇಡ.

ತೀರ್ಥಹಳ್ಳಿ_ಝಡ್4

ಎಲ್ಲರಿಗೂ ಧನ್ಯವಾದ. ಸುದ್ದಿ ಹೇಳುತ್ತೇನೆ. ಕೊನೆಗೆ ಬಿ6 ತರಿಸಿದೆ, ರನ್‌ಫ್ಲಾಟ್ ತೆಗೆದು ಮಾಮೂಲಿ ಟೈರ್ ಹಾಕಿದೆ, ಯಾಕೆಂದರೆ ನನ್ನ ಓಡಾಟ ಹಗಲು ಹೊತ್ತೇ ಜಾಸ್ತಿ. ಮೊದಲು ಒಂದು ಗ್ಯಾರೇಜ್‌ಗೆ ಹೋಗಿದ್ದೆ. ಅವರು ಗಾಳಿ ಗನ್ ಕೈಗೆತ್ತಿಕೊಂಡದ್ದು ನೋಡಿ ಬೇಡ ಅಂದೆ. ಗನ್ ಇಲ್ಲದೆ ಆಗುವುದಿಲ್ಲ ಅಂದರು. ಗಾಡಿ ತಗೊಂಡು ಬಂದೆ. ಆಮೇಲೆ ಇನ್ನೊಂದು ಕಡೆ, ನಾನು ಪಕ್ಕದಲ್ಲೇ ನಿಂತು ಮಾಡಿಸಿದೆ.

ಮುಂದಿನ ಹಳೆಯ ಶಾಕ್ ಬಿಚ್ಚಿದ ಮೇಲೆ ರಾಡನ್ನು ಕೈಯಲ್ಲಿ ಒತ್ತಿ ನೋಡಿದೆವು. ಬಲಗಡೆಯದು ಅರ್ಧದವರೆಗೆ ಯಾವ ತಡೆಯೂ ಇಲ್ಲದೆ ಸರ್ರನೆ ಹೋಯಿತು, ಆಮೇಲೆ ಕುಳುಕುಳು ಸದ್ದು, ಮತ್ತೆ ಸ್ವಲ್ಪ ಬಿಗಿ. ಬಿಟ್ಟರೆ ಮೇಲೆ ಬರಲೇ ಇಲ್ಲ. ಬಂಪ್ ಸ್ಟಾಪ್ ಬೆರಳಿಗೆ ಪುಡಿಪುಡಿಯಾಗಿ ಉದುರಿತು. ಟಾಪ್ ಮೌಂಟ್ ಬೇರಿಂಗ್ ತಿರುಗಿಸಿದರೆ ಮರಳು ಅರೆದ ಹಾಗೆ ಸದ್ದು. ಅದನ್ನು ಬದಲಿಸದೆ ಬಿಟ್ಟಿದ್ದರೆ ಎಲ್ಲ ಮತ್ತೆ ಬಿಚ್ಚಬೇಕಿತ್ತು. ಮೇಸ್ತ್ರಿ ಹೇಳಿದ ಟೇಪ್ ಅಳತೆ ಮಾಡಿಯೇ ಹಿಂದಿನ ಬೋಲ್ಟ್ ಬಿಗಿ ಮಾಡಿಸಿದೆ.

ಗಾಡಿ ಈಗ ಬೇರೆಯೇ. ಬಾಳೆಬೈಲು ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಸಮನಾಗಿ ಕೂರುತ್ತದೆ. ಮಂಡಗದ್ದೆ ರಸ್ತೆಯ ಆ ಏರಿಳಿತದಲ್ಲಿ ಒಂದು ಸಲ ಎದ್ದು ಕೂತು ಸುಮ್ಮನಾಗುತ್ತದೆ. ನಿಧಾನಕ್ಕೆ ಹೋಗುವಾಗ ಸಣ್ಣ ಗುಂಡಿ ಗೊತ್ತಾಗುತ್ತದೆ, ಸುಳ್ಳು ಹೇಳುವುದಿಲ್ಲ. 40 ದಾಟಿದ ಮೇಲೆ ಹಳೆಯದಕ್ಕಿಂತ ಆರಾಮ. ಮನೆಯವರೂ ಶೃಂಗೇರಿಯವರೆಗೆ ಗೊಣಗದೆ ಬಂದರು.

ಎರಡು ಪ್ರಶ್ನೆ ಉಳಿದಿದೆ. ಸ್ಟೀರಿಂಗ್ ಸ್ವಲ್ಪ ಎಡಕ್ಕೆ ತಿರುಗಿಕೊಂಡಿದೆ, ನೇರ ಹೋಗುವಾಗ. ಮತ್ತೆ ಮುಂದೆ ಫುಲ್ ತಿರುಗಿಸಿದಾಗ ಒಮ್ಮೊಮ್ಮೆ ಟಕ್ ಅನ್ನುತ್ತದೆ.

ಸಾಗರ_ಸೀಮೆ

ಸ್ಟೀರಿಂಗ್ ಎಡಕ್ಕೆ ಇರುವುದು ಅಲೈನ್‌ಮೆಂಟ್ ಮಾಡಿಸದೆ ಇರುವುದಕ್ಕೆ. ಸ್ಟ್ರಟ್ ಬಿಚ್ಚಿ ಹಾಕಿದ ಮೇಲೆ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಆಗಲೇಬೇಕು, ಮುಂದಿನ ಎರಡು ಸಾಲದು. ಬಿಎಂಡಬ್ಲ್ಯೂನವರು ಇದನ್ನು ಗಾಡಿಯಲ್ಲಿ ಭಾರ ಇಟ್ಟು ಮಾಡಬೇಕು ಅನ್ನುತ್ತಾರೆ. ಟ್ಯಾಂಕ್ ತುಂಬ ಪೆಟ್ರೋಲ್, ಒಂದೊಂದು ಸೀಟಿನ ಮೇಲೆ 68 ಕಿಲೋ. ಅಕ್ಕಿ ಮೂಟೆ, ಗೊಬ್ಬರದ ಚೀಲ ಯಾವುದಾದರೂ ಆಗುತ್ತದೆ, ಸೀಟಿಗೆ ಹಳೆ ಬೆಡ್‌ಶೀಟ್ ಹಾಸಿಕೊಳ್ಳಿ. ಮುಗಿದ ಮೇಲೆ ಸ್ಕ್ಯಾನರ್ ಹಾಕಿ ಸ್ಟೀರಿಂಗ್ ಆಂಗಲ್ ಸೆನ್ಸರ್ ಸೊನ್ನೆಗೆ ತರಿಸಿ. ಇಲ್ಲದಿದ್ದರೆ ಸ್ಟೀರಿಂಗ್ ನೇರ ಇದ್ದರೂ ಗಾಡಿ ತಿರುಗುತ್ತಿದೆ ಅಂತ ಕಂಪ್ಯೂಟರ್ ತಿಳಿದುಕೊಳ್ಳುತ್ತದೆ, ಒದ್ದೆ ತಿರುವಿನಲ್ಲಿ ಬೇಡದ ಹೊತ್ತಿಗೆ ಬ್ರೇಕ್ ಹಾಕಬಹುದು. ಅಲೈನ್‌ಮೆಂಟ್ ಕಾಗದ ಪ್ರಿಂಟ್ ಕೊಡುವ ಕಡೆಯೇ ಮಾಡಿಸಿ, ಮುಂಚೆ ಎಷ್ಟಿತ್ತು ಈಗ ಎಷ್ಟಿದೆ ಅಂತ ಎರಡೂ ಅದರಲ್ಲಿ ಇರಬೇಕು.

ಆಟೋಕಾಂಪ್ಲೆಕ್ಸ್_ಮೇಸ್ತ್ರಿ

ಟಕ್ ಸದ್ದಿಗೆ ಮೊದಲು ಸ್ಪ್ರಿಂಗ್ ತುದಿ ಅದರ ರಬ್ಬರ್ ಮೆಟ್ಟಿಲಲ್ಲಿ ಸರಿಯಾಗಿ ಕೂತಿದೆಯಾ ನೋಡಿ. ಅದು ಒಂದು ಬೆರಳು ಹಿಂದೆ ಮುಂದೆ ಆದರೂ ತಿರುಗಿಸುವಾಗ ಜಿಗಿದು ಕೂರುತ್ತದೆ, ಅದೇ ಟಕ್. ಚಕ್ರದ ಸಂದಿಯಿಂದ ಟಾರ್ಚ್ ಹಿಡಿದರೆ ಕಾಣುತ್ತದೆ, ಒಬ್ಬರು ಸ್ಟೀರಿಂಗ್ ತಿರುಗಿಸಲಿ, ಇನ್ನೊಬ್ಬರು ಸ್ಪ್ರಿಂಗ್ ಮೇಲೆ ಬೆರಳ ತುದಿ ಇಡಲಿ, ಸುರುಳಿ ಮಧ್ಯೆ ಹಾಕಬೇಡಿ. ಅದು ಸರಿ ಇದ್ದರೆ ರಾಡ್ ನಟ್ ಬಿಗಿ ನೋಡಿಸಿ. ಸ್ಟ್ರಟ್ ಬಿಚ್ಚಿ ಮತ್ತೆ ಹಾಕಬೇಕಾದರೆ ಅಲೈನ್‌ಮೆಂಟ್ ಅದಾದ ಮೇಲೆ ಮಾಡಿಸಿ, ದುಡ್ಡು ಉಳಿಯುತ್ತದೆ.

ಶರಾವತಿ_ಹಿನ್ನೀರು

ಬಿಚ್ಚಿದ ಹಳೆ ಶಾಕ್ಸ್ ಏನು ಮಾಡುವುದು? ನಮ್ಮ ಮನೆ ಶೆಡ್‌ನಲ್ಲೂ ಒಂದಿಷ್ಟು ಬಿದ್ದಿವೆ. ಗುಜರಿಯವರು ಪೈಪ್ ಕತ್ತರಿಸಿ ಕೊಡಿ, ಜಾಸ್ತಿ ಕೊಡುತ್ತೇನೆ ಅಂತಾರೆ.

ಆಟೋಕಾಂಪ್ಲೆಕ್ಸ್_ಮೇಸ್ತ್ರಿ

ಮುಟ್ಟಬೇಡಿ ಸಾರ್. ಗ್ಯಾಸ್ ಶಾಕ್‌ಗೆ ಗ್ರೈಂಡರ್ ಹಾಕುವುದು, ಗ್ಯಾಸ್ ಕಟ್ಟಿಂಗ್ ಮಾಡುವುದು, ಬೆಂಕಿಗೆ ಹಾಕುವುದು ಯಾವುದೂ ಮಾಡಬಾರದು. ಒಳಗೆ ಒತ್ತಡದಲ್ಲಿ ಎಣ್ಣೆ ಇದೆ, ಎಣ್ಣೆ ಸೋರಿ ಸತ್ತ ಶಾಕ್‌ನಲ್ಲೂ ಗ್ಯಾಸ್ ಉಳಿದಿರುತ್ತದೆ. ರಾಡ್ ಚಿಮ್ಮಿದರೆ ಎದುರಿಗೆ ನಿಂತವರ ಗತಿ ಕೇಳುವುದೇ ಬೇಡ. ಇಡಿಯಾಗಿಯೇ ಕೊಡಿ, ಒಳಗೆ ಗ್ಯಾಸ್ ಇದೆ ಅಂತ ಗುಜರಿಯವರಿಗೆ ಬಾಯಿಬಿಟ್ಟು ಹೇಳಿ ಕೊಡಿ. ಶೆಡ್‌ನಲ್ಲಿ ಮಕ್ಕಳ ಕೈಗೆ ಸಿಗುವ ಕಡೆ ಇದ್ದರೆ ಇವತ್ತೇ ತೆಗೆದಿಡಿ.